ಪ್ಯಾಟ್ ಸಮಿಟ್ ಗೆದ್ದದ್ದು ಗದರಿಕೆಯಿಂದಲೇ?

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಮೂರು ವರ್ಷದಿಂದ ಬಾಸ್ಕೆಟ್‌ಬಾಲ್ ಆಡುತ್ತಿದ್ದಾಳೆ, ಈಗ ಜಿಲ್ಲಾ ತಂಡದಲ್ಲಿದ್ದಾಳೆ. ಕೋಚ್‌ಗೆ ಆಟ ಚೆನ್ನಾಗಿ ಗೊತ್ತು, ಆದರೆ ವಿಪರೀತ ಗದರುತ್ತಾರೆ. ಒಂದೊಂದು ದಿನ ಮಗಳು ಅತ್ತುಕೊಂಡೇ ಮನೆಗೆ ಬರುತ್ತಾಳೆ. ಹೋಗಿ ಕೇಳಿದರೆ, "ಅಮೆರಿಕದ ಪ್ಯಾಟ್ ಸಮಿಟ್ ಕೂಡ ಹೀಗೇ ಇದ್ದರು, ಅದಕ್ಕೇ ಸಾವಿರ ಮ್ಯಾಚ್ ಗೆದ್ದರು" ಎಂದರು. ಯಾರು ಈ ಪ್ಯಾಟ್ ಸಮಿಟ್? ಅವರು ಗದರಿಯೇ ಗೆದ್ದದ್ದಾ? ಮಗಳನ್ನು ಆಟ ಬಿಡಿಸಿಬಿಡೋಣವೇ ಎಂಬ ಯೋಚನೆ ಬರುತ್ತಿದೆ.

ಉತ್ತರ: ಆಟ ಬಿಡಿಸುವ ಮಾತು ಸದ್ಯಕ್ಕೆ ಬೇಡ. ಮೂರು ವರ್ಷ ಆಡಿ ಜಿಲ್ಲಾ ತಂಡಕ್ಕೆ ಬಂದಿದ್ದಾಳೆ ಅಂದರೆ ಅವಳಿಗೆ ಆಟ ಹಿಡಿಸಿದೆ. ಏನು ಮಾಡಬಹುದು ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಸಮಿಟ್ ಬಗ್ಗೆ ಹೇಳಬೇಕು, ಯಾಕೆಂದರೆ ಅವರ ಹೆಸರು ಹೇಳಿ ನಿಮ್ಮ ಬಾಯಿ ಮುಚ್ಚಿಸಿದ್ದು ನನಗೆ ಸರಿ ಕಾಣಲಿಲ್ಲ.

ಕೋಚ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಸಮಿಟ್ ಗದರುತ್ತಿದ್ದರು, ಚೆನ್ನಾಗಿಯೇ ಗದರುತ್ತಿದ್ದರು. ಒಂದು ಮಾತೂ ಆಡದೆ ದುರುಗುಟ್ಟಿ ನೋಡಿದರೇ ಸಾಕು, ಹುಡುಗಿಯರು ನಡುಗಿಹೋಗುತ್ತಿದ್ದರು. ಅಮೆರಿಕದಲ್ಲಿ ಆ ನೋಟವೇ ಹೆಸರುವಾಸಿ. ಅವರ ಲೆಕ್ಕವೂ ದೊಡ್ಡದು. ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1974ರಿಂದ 2012ರವರೆಗೆ, ಒಟ್ಟು 38 ಸೀಸನ್ ಕೋಚ್ ಆಗಿದ್ದರು. 1,098 ಗೆಲುವು, 208 ಸೋಲು, 8 ರಾಷ್ಟ್ರೀಯ ಚಾಂಪಿಯನ್‌ಶಿಪ್. ಗೆಲುವಿಗಿಂತ ಸೋಲು ಜಾಸ್ತಿಯಾದ ಸೀಸನ್ ಒಂದೂ ಇಲ್ಲ. ಆದರೆ ಹುಡುಗಿಯರ ತಂಡಗಳ ಜೊತೆ ಬಹಳ ವರ್ಷ ಕೆಲಸ ಮಾಡಿದ ನನಗೆ ಅನ್ನಿಸುವುದು ಇದು: ಅವರ ಗದರಿಕೆ ನಡೆದದ್ದು ಅದರ ಹಿಂದೆ ಬೇರೆ ತುಂಬ ಇದ್ದದ್ದರಿಂದ. ಆ ಹಿಂದಿನದ್ದನ್ನು ಬಿಟ್ಟು ಗದರಿಕೆ ಒಂದನ್ನೇ ಕಲಿತವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಸಮಿಟ್ ಹುಟ್ಟಿದ್ದು 1952ರಲ್ಲಿ, ಟೆನೆಸಿ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಅಪ್ಪ ಅಮ್ಮ ಹೊಲ ಮತ್ತು ಹೈನುಗಾರಿಕೆ ನಂಬಿದವರು. ಹೊಗೆಸೊಪ್ಪು ಕೊಯ್ಯುವುದು, ಹುಲ್ಲು ಕಟ್ಟಿಡುವುದು, ಹಸುಗಳ ಕೆಲಸ, ಎಲ್ಲದರಲ್ಲೂ ಮಕ್ಕಳು ಕೈಹಾಕಬೇಕಿತ್ತು. ಮೂವರು ಅಣ್ಣಂದಿರು, ಒಬ್ಬ ತಂಗಿ. ಸಂಜೆ ಕೆಲಸ ಮುಗಿದ ಮೇಲೆ ಹುಲ್ಲಿನ ಅಟ್ಟದಲ್ಲಿ ಕಟ್ಟಿದ್ದ ಬಾಸ್ಕೆಟ್‌ಗೆ ಅಣ್ಣಂದಿರ ಜೊತೆ ಆಟ. ಅಣ್ಣಂದಿರು ತಂಗಿ ಅಂತ ಬಿಟ್ಟುಕೊಡುತ್ತಿರಲಿಲ್ಲ. ಅಪ್ಪ ರಿಚರ್ಡ್ ಹೆಡ್ ತುಂಬ ಕಟ್ಟುನಿಟ್ಟು, ಹೊಗಳಿಕೆಯ ಮಾತೇ ಇಲ್ಲ. ಆದರೆ ಮಗಳು ಹೈಸ್ಕೂಲಿಗೆ ಬಂದಾಗ ಅಲ್ಲಿನ ಶಾಲೆಯಲ್ಲಿ ಹುಡುಗಿಯರ ತಂಡ ಇರಲಿಲ್ಲ. ಆಗ ಅದೇ ಅಪ್ಪ ಇಡೀ ಸಂಸಾರವನ್ನು ಪಕ್ಕದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಹೆನ್ರಿಯೆಟ್ಟಾಗೆ ಎತ್ತಿಕೊಂಡು ಹೋದರು, ಮಗಳಿಗೆ ಆಡಲು ತಂಡ ಸಿಗಲಿ ಅಂತ. ಸಮಿಟ್ ಮುಂದೆ ಎಂಥ ಕೋಚ್ ಆದರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಕಾಣುವುದಿಲ್ಲ. ಆ ಮನೆಯಲ್ಲಿ ಪ್ರೀತಿ ಬಾಯಲ್ಲಿ ಇರಲಿಲ್ಲ, ಮಾಡಿದ ಕೆಲಸದಲ್ಲಿ ಇತ್ತು.

ಕಾಲೇಜಿನಲ್ಲಿ ಹುಡುಗಿಯರಿಗೆ ಕ್ರೀಡಾ ಸ್ಕಾಲರ್‌ಶಿಪ್ ಇರಲಿಲ್ಲ. ಅಪ್ಪ ಅಮ್ಮನೇ ಫೀಸು ಕಟ್ಟಿದರು. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು: ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ. ಕಾನೂನು ಬಂದ ಮಾತ್ರಕ್ಕೆ ದುಡ್ಡು ಹರಿದು ಬರಲಿಲ್ಲ. ಆದರೆ ಬಾಗಿಲು ತೆರೆಯಿತು. ಸಮಿಟ್‌ಗೆ ಎಷ್ಟೇ ಪ್ರತಿಭೆ ಇದ್ದರೂ ಆ ಕಾನೂನು ಇಲ್ಲದಿದ್ದರೆ ಈ 1,098 ಇರುತ್ತಿರಲಿಲ್ಲ. ಗದರಿಕೆಯ ಕತೆ ಹೇಳುವವರು ಇದನ್ನು ಹೇಳುವುದೇ ಇಲ್ಲ.

1974ರಲ್ಲಿ ಎಂ.ಎಸ್. ಓದುತ್ತಾ ಸಹಾಯಕಿಯಾಗಿ ಕೆಲಸ ಮಾಡೋಣ ಎಂದು ಟೆನೆಸಿ ವಿಶ್ವವಿದ್ಯಾಲಯ ಇರುವ ನಾಕ್ಸ್‌ವಿಲ್‌ಗೆ ಬಂದರು. ಅಷ್ಟರಲ್ಲಿ ಇದ್ದ ಕೋಚ್ ದೀರ್ಘ ರಜೆ ಮೇಲೆ ಹೋದರು, ತಂಡ ಇವರ ತಲೆ ಮೇಲೆ ಬಂತು. ಆಗ ವಯಸ್ಸು 22. ತಂಡದ ಕೆಲವು ಹುಡುಗಿಯರು ಇವರಿಗಿಂತ ಒಂದೇ ವರ್ಷ ಚಿಕ್ಕವರು. ಸಂಬಳ ತಿಂಗಳಿಗೆ 250 ಡಾಲರ್. ಅಷ್ಟರಲ್ಲಿ ಪಾಠ ಮಾಡಬೇಕು, ತಾನೂ ಓದಬೇಕು, ತಂಡ ನಡೆಸಬೇಕು, ಆಟಗಾರ್ತಿಯರ ಜೆರ್ಸಿ ಒಗೆಯಬೇಕು, ಬೇರೆ ಊರಲ್ಲಿ ಮ್ಯಾಚ್ ಇದ್ದರೆ ವ್ಯಾನ್ ಓಡಿಸಬೇಕು. ಮೊದಲ ಮ್ಯಾಚ್ ಮರ್ಸರ್ ವಿರುದ್ಧ. 84-83, ಒಂದೇ ಪಾಯಿಂಟಿನಲ್ಲಿ ಸೋತರು.

ಜೆರ್ಸಿ ಒಗೆದ ವಿಷಯ ಸುಮ್ನೆ ಹೇಳುತ್ತಿಲ್ಲ. ಬೆವರಿಳಿಯುವಂತೆ ಓಡಿಸಿದ ಕೋಚೇ ರಾತ್ರಿ ಆ ಬೆವರಿನ ಬಟ್ಟೆ ಒಗೆದು, ಬೆಳಗ್ಗೆ ವ್ಯಾನ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದರೆ, ಅವರ ಬೈಗುಳ ಹುಡುಗಿಯರ ಕಿವಿಗೆ ಬೇರೆ ಥರ ಕೇಳಿಸುತ್ತದೆ.

ಅದೇ ಹೊತ್ತಿಗೆ ಸಮಿಟ್ ಸ್ವತಃ ಆಟಗಾರ್ತಿ ಕೂಡ. ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರು) ಹರಿದು ಆಪರೇಷನ್ ಆಗಿತ್ತು. ಆ ಕಾಲದಲ್ಲಿ ಅಂಥ ಗಾಯ ಆದರೆ ಆಟ ಮುಗಿಯಿತು ಅಂತಲೇ ಲೆಕ್ಕ. ಕೋಚಿಂಗ್, ಪಾಠ, ಓದಿನ ನಡುವೆಯೇ ಕಾಲು ಸರಿಮಾಡಿಕೊಂಡು ಓಡಿದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಮೊದಲ ಬಾರಿ ಬಂದದ್ದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ. ಆ ಅಮೆರಿಕ ತಂಡದ ಇಬ್ಬರು ನಾಯಕಿಯರಲ್ಲಿ ಸಮಿಟ್ ಒಬ್ಬರು. ಬೆಳ್ಳಿ ಬಂತು. ಎಂಟು ವರ್ಷದ ನಂತರ ಲಾಸ್ ಏಂಜಲೀಸ್‌ನಲ್ಲಿ ಅವರೇ ಕೋಚ್. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 85-55ರಿಂದ ಸೋಲಿಸಿ ಚಿನ್ನ. ಹುಡುಗಿಯರು ಕೋಚನ್ನು ಹೆಗಲ ಮೇಲೆ ಹೊತ್ತು ತಿರುಗಿದರು.

ಇನ್ನೊಂದು ವಿಷಯ ನಮ್ಮಲ್ಲಿ ಬಾಸ್ಕೆಟ್‌ಬಾಲ್ ಬಲ್ಲವರಿಗೂ ಅಷ್ಟಾಗಿ ಗೊತ್ತಿಲ್ಲ. ಆಗ ಟೆನೆಸಿಯ ಹೈಸ್ಕೂಲುಗಳಲ್ಲಿ ಹುಡುಗಿಯರು ಐದಲ್ಲ, ಆರು ಮಂದಿಯ ತಂಡ ಕಟ್ಟಿ ಆಡುತ್ತಿದ್ದರು. ಮೂವರು ಕೋರ್ಟಿನ ಒಂದು ಅರ್ಧದಲ್ಲಿ ಬರೀ ಬಾಸ್ಕೆಟ್ ಹಾಕುವವರು. ಮೂವರು ಇನ್ನೊಂದು ಅರ್ಧದಲ್ಲಿ ಬರೀ ತಡೆಯುವವರು. ನಡುಗೆರೆ ದಾಟುವಂತಿಲ್ಲ. ಪೂರ್ತಿ ಕೋರ್ಟ್ ಓಡಿದರೆ ಹುಡುಗಿಯರ ದೇಹ ತಾಳುವುದಿಲ್ಲ ಅನ್ನುವ ಹಳೇ ನಂಬಿಕೆ ಇದರ ಹಿಂದೆ ಇತ್ತು. ಇದರಿಂದ ಏನಾಗುತ್ತಿತ್ತು ನೋಡಿ: ಮೂರು ನಾಲ್ಕು ವರ್ಷ ಡಿಫೆನ್ಸ್ ಮಾಡಿದ ಹುಡುಗಿ ಒಂದು ಮ್ಯಾಚಲ್ಲೂ ಶಾಟ್ ಹೊಡೆಯದೆ ಕಾಲೇಜಿಗೆ ಬರುತ್ತಿದ್ದಳು. ಅರ್ಧ ಆಟ ಗೊತ್ತು, ಇನ್ನರ್ಧ ಗೊತ್ತೇ ಇಲ್ಲ. ಸ್ಕಾಲರ್‌ಶಿಪ್ ಸಿಗುವ ಕಾಲ ಬಂದಾಗ ಈ ಹುಡುಗಿಯರು ಹಿಂದೆ ಬಿದ್ದರು. ಸಮಿಟ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ತನ್ನದೇ ರಾಜ್ಯದ ಹುಡುಗಿಯರನ್ನು ತಂಡಕ್ಕೆ ತೆಗೆದುಕೊಳ್ಳುವುದೇ ಕಷ್ಟ ಎಂದು ಹೇಳಿದರು. 1979ರಲ್ಲಿ ಟೆನೆಸಿ ಹೈಸ್ಕೂಲುಗಳು ಐದು ಮಂದಿಯ ಪೂರ್ತಿ ಕೋರ್ಟ್ ಆಟಕ್ಕೆ ಬಂದವು. "ನಿಮ್ಮ ಕೈಲಿ ಆಗುತ್ತೆ" ಎಂದು ಹುಡುಗಿಯರನ್ನು ಓಡಿಸಿದವರು ಸಮಿಟ್. ಊರೆಲ್ಲ "ಇವರ ಕೈಲಿ ಆಗಲ್ಲ" ಅನ್ನುತ್ತಿದ್ದ ಕಾಲದಲ್ಲಿ ಆ ಕಠಿಣತೆಯೇ ಒಂದು ಗೌರವ ಆಗಿತ್ತು. ಇವತ್ತಿನ ಹುಡುಗಿಗೆ ಅದೇ ಕಠಿಣತೆ ಅದೇ ಅರ್ಥ ಕೊಡಬೇಕೆಂದೇನೂ ಇಲ್ಲ.

ಈಗ ಚಾಂಪಿಯನ್‌ಶಿಪ್ ವಿಚಾರ. ಎಂಟು ಎಂದು ಎಲ್ಲರೂ ಹೇಳುತ್ತಾರೆ. ಮೊದಲನೆಯದಕ್ಕೆ ಎಷ್ಟು ಕಾಲ ಹಿಡಿಯಿತು ಅಂತ ಯಾರೂ ಹೇಳುವುದಿಲ್ಲ. ಅದು ಬಂದದ್ದು 1987ರಲ್ಲಿ, ಅವರ 13ನೇ ಸೀಸನ್‌ನಲ್ಲಿ. ಅಲ್ಲಿವರೆಗೆ ಮತ್ತೆ ಮತ್ತೆ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ಬಂದು ಬರಿಗೈಲಿ ಹೋಗಿದ್ದರು. ಸಮಿಟ್‌ಗೆ ದೊಡ್ಡ ಮ್ಯಾಚ್ ಗೆಲ್ಲಲು ಬರುವುದಿಲ್ಲ ಎಂಬ ಮಾತು ಹುಟ್ಟಿತ್ತು. ಆ 12 ವರ್ಷವೂ ಅವರು ಇಷ್ಟೇ ಕಟ್ಟುನಿಟ್ಟಾಗಿದ್ದರು, ಅಲ್ವಾ? ಗದರಿಕೆಯೇ ಗೆಲ್ಲಿಸುವುದಾದರೆ ಮೊದಲೇ ಗೆಲ್ಲಿಸಬೇಕಿತ್ತು. ಈ ನಡುವೆ ಬದಲಾದದ್ದು ಬೇರೆ. ಒಳ್ಳೆ ಸಹಾಯಕ ಕೋಚ್‌ಗಳು ಬಂದರು. 1985ರಲ್ಲಿ ಮಿಕಿ ಡಿಮಾಸ್ ಮತ್ತು ಅವರದೇ ಹಳೆಯ ಆಟಗಾರ್ತಿ ಹಾಲಿ ವಾರ್ಲಿಕ್ ಸೇರಿಕೊಂಡರು. ದೇಶದ ಮೂಲೆ ಮೂಲೆಯಿಂದ ಪ್ರತಿಭಾವಂತ ಹುಡುಗಿಯರನ್ನು ಕರೆತಂದರು. ಪ್ರ್ಯಾಕ್ಟೀಸ್‌ನಲ್ಲಿ ಹುಡುಗರ ವಿರುದ್ಧ ಆಡಿಸಿದರು. ಸುಲಭದ ಎದುರಾಳಿಗಳನ್ನು ಹುಡುಕದೆ ಕಷ್ಟದ ತಂಡಗಳ ಜೊತೆಯೇ ಮ್ಯಾಚ್ ಹಾಕಿಕೊಂಡರು. ಡಿಫೆನ್ಸ್ ಮತ್ತು ರೀಬೌಂಡ್ (ಬಾಸ್ಕೆಟ್ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಮೇಲೆ ಜೀವ ಇಟ್ಟರು. ಟಿಕೆಟ್ ಮಾರುವುದು ಆಫೆನ್ಸ್, ಮ್ಯಾಚ್ ಗೆಲ್ಲಿಸುವುದು ಡಿಫೆನ್ಸ್, ಚಾಂಪಿಯನ್‌ಶಿಪ್ ಗೆಲ್ಲಿಸುವುದು ರೀಬೌಂಡ್ ಅನ್ನುವುದು ಅವರು ಸದಾ ಹೇಳುತ್ತಿದ್ದ ಮಾತು. 1987ರ ಆ ಫೈನಲ್‌ನಲ್ಲಿ ಲೂಸಿಯಾನಾ ಟೆಕ್ ತಂಡ ಗಳಿಸಿದ್ದು ಬರೀ 44 ಪಾಯಿಂಟ್, ಟೆನೆಸಿ 67.

ಆಮೇಲೆ 1989, 1991. ನಂತರ 1996, 1997, 1998, ಮೂರು ವರ್ಷ ಒಂದರ ಹಿಂದೊಂದು. ಕೊನೆಗೆ ಕ್ಯಾಂಡೇಸ್ ಪಾರ್ಕರ್ ಎಂಬ ತಾರಾ ಆಟಗಾರ್ತಿ ತಂಡದಲ್ಲಿ ಇದ್ದಾಗ 2007 ಮತ್ತು 2008. 1997ರಲ್ಲಿ ತಂಡ 10 ಮ್ಯಾಚ್ ಸೋತೂ ಚಾಂಪಿಯನ್ ಆಯಿತು. ಮರುವರ್ಷ 39 ಮ್ಯಾಚ್ ಆಡಿ ಒಂದನ್ನೂ ಸೋಲಲಿಲ್ಲ.

1991ರದ್ದಕ್ಕೆ ಒಂದು ಕತೆ ಇದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1990ರ ಸೆಪ್ಟೆಂಬರ್. ಸಮಿಟ್ ತುಂಬು ಗರ್ಭಿಣಿ. ಆದರೂ ಮಿಷೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯನ್ನು ತಂಡಕ್ಕೆ ಕರೆಯಲು ವಿಮಾನ ಹತ್ತಿ ಪೆನ್ಸಿಲ್ವೇನಿಯಾಕ್ಕೆ ಹೋದರು. ಆ ಹುಡುಗಿಯ ಮನೆಯಲ್ಲೇ ಹೆರಿಗೆಯ ಸೂಚನೆ ಶುರುವಾಯಿತು. ವಾಪಸ್ ಬರುವಾಗ ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸೋಣ ಎಂದರು ಪೈಲಟ್‌ಗಳು. ಸಮಿಟ್ ಸುತಾರಾಂ ಒಪ್ಪಲಿಲ್ಲ. ಅದೇ ವರ್ಷ ವರ್ಜೀನಿಯಾ ತಂಡ ಟೆನೆಸಿಯನ್ನು ಸೋಲಿಸಿ ಮನೆಗೆ ಕಳಿಸಿತ್ತು. ಆ ರಾಜ್ಯದಲ್ಲಿ ನನ್ನ ಮಗು ಹುಟ್ಟಕೂಡದು ಅಂತ ಅವರ ಹಟ. ಮಗ ಟೈಲರ್ ಟೆನೆಸಿಯಲ್ಲೇ ಹುಟ್ಟಿದ. ಮುಂದಿನ ಫೈನಲ್‌ನಲ್ಲಿ ಎದುರಿಗೆ ಬಂದದ್ದೂ ವರ್ಜೀನಿಯಾ. ಎಕ್ಸ್‌ಟ್ರಾ ಟೈಮ್‌ಗೆ ಹೋಗಿ 70-67ಕ್ಕೆ ಟೆನೆಸಿ ಗೆದ್ದಿತು. ಆ ಮಿಷೆಲ್ ಮೊದಲು ಬೇರೆ ಕಾಲೇಜಿಗೆ ಸೇರಿ, ಆಮೇಲೆ ಟೆನೆಸಿಗೆ ಬಂದಳು. ಸೈಡ್‌ಲೈನ್‌ನಲ್ಲಿ ಸಮಿಟ್ ಅವಳ ಜೆರ್ಸಿ ಹಿಡಿದೆಳೆದು ಮುಖಕ್ಕೆ ಮುಖ ಕೊಟ್ಟು ಗದರುವ ಫೋಟೊ ತುಂಬ ಪ್ರಸಿದ್ಧ. ನಿಮ್ಮ ಕೋಚ್ ಅದನ್ನೇ ನೋಡಿರಬೇಕು. 1996ರ ಕೊನೆಯ ಸುತ್ತಿನಲ್ಲಿ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡದ್ದು ಅದೇ ಮಿಷೆಲ್. ಫೋಟೊದಲ್ಲಿ ಕಾಣುವುದು ಒಂದು ಕ್ಷಣ. ಅದರ ಹಿಂದೆ ವರ್ಷಗಟ್ಟಲೆಯ ನಂಬಿಕೆ ಇತ್ತು.

ತಮೀಕಾ ಕ್ಯಾಚಿಂಗ್ಸ್ ವಿಷಯ ಕೇಳಿ. ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳಿಸದ ಹುಡುಗಿ. ಚಿಕ್ಕವಳಿದ್ದಾಗ ಮಕ್ಕಳೆಲ್ಲ ಆಡಿಕೊಂಡರೆಂದು ಶ್ರವಣಯಂತ್ರವನ್ನು ಎಸೆದುಬಿಟ್ಟಿದ್ದಳು. ತುಟಿ ನೋಡಿಕೊಂಡು ಮಾತು ಅರ್ಥ ಮಾಡಿಕೊಳ್ಳುತ್ತಾ ಕಾಲೇಜಿನವರೆಗೆ ಬಂದಳು. ಸಮಿಟ್ ಅದನ್ನು ಗಮನಿಸಿದರು. ಕರೆದು ಕೂರಿಸಿಕೊಂಡು, ಮತ್ತೆ ಯಂತ್ರ ಹಾಕಿಕೊಳ್ಳುವಂತೆ, ಮಾತಿನ ತರಬೇತಿ ತೆಗೆದುಕೊಳ್ಳುವಂತೆ ಒಪ್ಪಿಸಿದರು. ನಿನ್ನನ್ನು ನೋಡಿ ಇನ್ನೆಷ್ಟೋ ಮಕ್ಕಳಿಗೆ ಧೈರ್ಯ ಬರುತ್ತದೆ ಎಂದು ತಿಳಿಹೇಳಿದರು. ಆ ಹುಡುಗಿ ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಳು. ಕೋಚಿಂಗ್ ಅಂದರೆ ನನ್ನ ಲೆಕ್ಕದಲ್ಲಿ ಇದು. ಒಬ್ಬ ಹುಡುಗಿ ಏನನ್ನು ಮುಚ್ಚಿಟ್ಟುಕೊಂಡಿದ್ದಾಳೆ ಎಂದು ನೋಡುವ ಕಣ್ಣು ಇರುವ ಕೋಚ್‌ಗೆ ಗದರುವ ಹಕ್ಕು ತಾನಾಗಿ ಬರುತ್ತದೆ.

ಓದಿನ ವಿಷಯದಲ್ಲೂ ಸಮಿಟ್ ಬಿಡುತ್ತಿರಲಿಲ್ಲ. ಕ್ಲಾಸ್ ತಪ್ಪಿಸುವಂತಿಲ್ಲ. ಕ್ಲಾಸ್‌ನಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಟೆನೆಸಿಯಲ್ಲಿ ಪೂರ್ತಿ ಅವಧಿ ಆಡಿದ ಅವರ ಆಟಗಾರ್ತಿಯರೆಲ್ಲ ಡಿಗ್ರಿ ಮುಗಿಸಿದರು, ಒಬ್ಬರೂ ಬಿಡಲಿಲ್ಲ. ನನ್ನನ್ನು ಕೇಳಿದರೆ 1,098ಕ್ಕಿಂತ ಇದು ದೊಡ್ಡದು. ನಮ್ಮಲ್ಲಿ ಚೆನ್ನಾಗಿ ಆಡುವ ಹುಡುಗಿಗೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸ ಸಿಕ್ಕರೆ ಸಿಕ್ಕೀತು. ಎಲ್ಲರಿಗೂ ಅದು ಸಿಗುವುದಿಲ್ಲ. ಮೊಣಕಾಲು ಒಂದು ಸಲ ಕೈಕೊಟ್ಟರೆ ಉಳಿಯುವುದು ಓದು.

ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಹಿಂದಿನ ರಾತ್ರಿ ಪಾರ್ಟಿಗೆ ಹೋಗಿದ್ದ ಹುಡುಗಿಯರನ್ನು, ವಾಂತಿ ಮಾಡಲು ಕೋರ್ಟಿನ ಮೂಲೆಗಳಲ್ಲಿ ಕಸದ ಡಬ್ಬ ಇಟ್ಟು ಓಡಿಸಿದ್ದರು. ಶುರುವಿನ ವರ್ಷಗಳ ಮಾತು ಇದು. ಇವತ್ತು ಯಾವ ಕೋಚ್ ಹೀಗೆ ಮಾಡಿದರೂ ನಾನು ಒಪ್ಪುವುದಿಲ್ಲ, 14 ವರ್ಷದ ಮಕ್ಕಳಿಗಂತೂ ಖಂಡಿತ ಕೂಡದು. ಸಮಿಟ್ ಆಡಿಸಿದ್ದು ಕಾಲೇಜು ಹುಡುಗಿಯರನ್ನು, ದೊಡ್ಡವರನ್ನು. ಗೊತ್ತಿದ್ದೇ ಅಲ್ಲಿಗೆ ಬಂದವರನ್ನು. ಈ ವ್ಯತ್ಯಾಸ ನಿಮ್ಮ ಕೋಚ್‌ಗೆ ನೆನಪಿರಬೇಕು. ವಯಸ್ಸಾದ ಹಾಗೆ ಸಮಿಟ್ ಕೂಡ ಬದಲಾದರು. ಮಗ ಹುಟ್ಟಿದ ಮೇಲೆ ಮೆತ್ತಗಾದರು ಅಂತ ಅವರ ಜೊತೆಗಿದ್ದವರು ಹೇಳುತ್ತಾರೆ. ಹುಡುಗಿಯರ ಮಾತು ಕೇಳಿಸಿಕೊಳ್ಳುವುದನ್ನು ಕಲಿತರು. ಪುರುಷರ ತಂಡದ ಕೋಚ್ ಆಗಿ ಎಂದು ವಿಶ್ವವಿದ್ಯಾಲಯ ಕೇಳಿದಾಗ, ಅದು ಮೇಲೇರಿದಂತೆ ಹೇಗಾಯಿತು ಎಂದು ತಿರುಗಿ ಕೇಳಿ, ತಮ್ಮ ಹುಡುಗಿಯರ ಜೊತೆಯೇ ಉಳಿದರು. 250 ಡಾಲರಿನಿಂದ ಶುರುಮಾಡಿದವರು 2006ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಮೊದಲ ಮಹಿಳಾ ಬಾಸ್ಕೆಟ್‌ಬಾಲ್ ಕೋಚ್ ಆದರು. ಅವರಿಂದ ಆ ಕಸುಬಿನ ಬೆಲೆಯೇ ಏರಿತು.

2011ರಲ್ಲಿ, 59ನೇ ವಯಸ್ಸಿನಲ್ಲಿ, ಅವರಿಗೆ ಆಲ್ಜೈಮರ್ಸ್ ಮರೆವಿನ ರೋಗ ಇರುವುದು ಗೊತ್ತಾಯಿತು. ಮುಚ್ಚಿಡಲಿಲ್ಲ. ಆ ಆಗಸ್ಟ್‌ನಲ್ಲಿ ಎಲ್ಲರಿಗೂ ತಿಳಿಸಿ, ಇನ್ನೊಂದು ಸೀಸನ್ ನಡೆಸಿದರು. ಹಾಲಿ ವಾರ್ಲಿಕ್ ಮತ್ತು ಉಳಿದ ಸಹಾಯಕರು ಹೆಚ್ಚಿನ ಭಾರ ಹೊತ್ತರು. ಅವರ ಕೊನೆಯ ಮ್ಯಾಚ್ ಬೇಲರ್ ವಿರುದ್ಧ, 2012ರ ಮಾರ್ಚ್‌ನಲ್ಲಿ. ಸೋತರು. ಬೇಲರ್ ಕೋಚ್ ಯಾರು ಗೊತ್ತಾ? ಕಿಮ್ ಮಲ್ಕಿ, 1984ರ ಒಲಿಂಪಿಕ್ ತಂಡದಲ್ಲಿ ಸಮಿಟ್ ಕೈಕೆಳಗೆ ಆಡಿದವರು. ಸಮಿಟ್ ಆಟ ಕಲಿಸಿದ ಹೆಣ್ಣುಮಕ್ಕಳು ಆ ಹೊತ್ತಿಗೆ ಎಷ್ಟೋ ತಂಡಗಳ ಕೋಚ್ ಆಗಿದ್ದರು. ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು, ವಾರ್ಲಿಕ್ ಆ ಜಾಗಕ್ಕೆ ಬಂದರು. 2016ರ ಜೂನ್ 28ರಂದು ಸಮಿಟ್ ತೀರಿಕೊಂಡರು. ಅವರ 1,098ರ ದಾಖಲೆಯನ್ನು 2020ರ ಡಿಸೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ತಾರಾ ವ್ಯಾನ್‌ಡರ್ವೀರ್ ದಾಟಿದರು. ತಾರಾ ಅವರದು ಸಮಿಟ್ ಥರದ ಬಿರುಸಿನ ಸ್ವಭಾವ ಅಲ್ಲ. ಗೆಲ್ಲಲು ಒಂದೇ ದಾರಿ ಇಲ್ಲ ಅನ್ನುವುದಕ್ಕೆ ಅವರೇ ಸಾಕ್ಷಿ.

ಇನ್ನು ನಿಮ್ಮ ಮಗಳ ವಿಷಯ. ಒಂದೆರಡು ದಿನ ಪ್ರ್ಯಾಕ್ಟೀಸ್ ಶುರುವಿನಿಂದ ಮುಗಿಯುವವರೆಗೆ ಹೋಗಿ ಕುಳಿತು ನೋಡಿ. ಕೋಚ್ ಯಾವುದಕ್ಕೆ ಗದರುತ್ತಾರೆ? ಡಿಫೆನ್ಸ್‌ಗೆ ವಾಪಸ್ ಓಡಲಿಲ್ಲ, ಬಾಕ್ಸ್ ಔಟ್ (ಎದುರಾಳಿಗೆ ಅಡ್ಡ ನಿಂತು ರೀಬೌಂಡ್ ಜಾಗ ಹಿಡಿಯುವುದು) ಮಾಡಲಿಲ್ಲ ಎಂದು ಗದರಿದರೆ ಅದು ಆಟದ ಮಾತು. ಹುಡುಗಿಗೆ ಬೇಜಾರಾದರೂ ಅದರಲ್ಲಿ ಕಲಿಯುವುದು ಇದೆ. ಮೈ ದಪ್ಪ, ಬಣ್ಣ, ಜಾತಿ, ಮನೆ, ಮುಟ್ಟಿನ ದಿನದ ಸುಸ್ತು, ಇವುಗಳ ಬಗ್ಗೆ ಒಂದು ಮಾತು ಬಂದರೂ ಅದು ಕೋಚಿಂಗ್ ಅಲ್ಲ. ಅಲ್ಲೇ ನಿಲ್ಲಿಸಬೇಕು. ಗದರಿದ ಮೇಲೆ ಏನು ಮಾಡುತ್ತಾರೆ ಎಂದೂ ನೋಡಿ. ತಪ್ಪು ಎಲ್ಲಿ ಆಯಿತು ಎಂದು ಹತ್ತಿರ ಹೋಗಿ ಕಾಲು, ಕೈ ಹೇಗಿಡಬೇಕು ಎಂದು ತೋರಿಸುತ್ತಾರಾ? ಅಥವಾ ಬೈದು ಬೇರೆ ಕಡೆ ತಿರುಗುತ್ತಾರಾ? ಒಳ್ಳೆ ಆಟಗಾರ್ತಿಗೂ ಬೆಂಚಿನಲ್ಲಿ ಕೂರುವವಳಿಗೂ ಒಂದೇ ನಿಯಮವಾ?

ಮೊಣಕಾಲಿನ ಬಗ್ಗೆ ತಪ್ಪದೇ ಕೇಳಿ. ಸಮಿಟ್‌ಗೆ ಆದ ಆ ಲಿಗಮೆಂಟ್ ಗಾಯ ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ ಕಾಣುತ್ತದೆ. ಹದಿಹರೆಯದಲ್ಲಿ ಇನ್ನೂ ಹುಷಾರಾಗಿರಬೇಕು. ಜಿಗಿದು ಇಳಿಯುವಾಗ ಮೊಣಕಾಲು ಬಾಗಿಸಿ, ಎರಡು ಮಂಡಿ ಒಳಕ್ಕೆ ಸೇರದಂತೆ ಇಳಿಯುವುದನ್ನು ಬಿಡಿಸಿ ಕಲಿಸಬೇಕು. ವಾರ್ಮ್ ಅಪ್‌ನಲ್ಲಿ ದಿನವೂ ಹತ್ತು ಹದಿನೈದು ನಿಮಿಷ ಸಾಕು. ಕಟ್ಟುನಿಟ್ಟಿನ ಕೋಚ್ ಎಂದು ಹೆಮ್ಮೆ ಪಡುವವರು ಮೊದಲು ಕಟ್ಟುನಿಟ್ಟಾಗಬೇಕಾದ್ದು ಇದರಲ್ಲಿ.

ಮಗಳ ಹತ್ತಿರವೂ ಒಂದು ಮಾತು ಕೇಳಿ: ಅಳು ಬರುವುದು ಚೆನ್ನಾಗಿ ಆಡಲಾಗಲಿಲ್ಲ ಅಂತಲೋ, ಕೋಚ್ ಕಂಡರೆ ಭಯ ಅಂತಲೋ? ಮೊದಲನೆಯದಾದರೆ ಬಿಡಿ, ಆಡಲಿ. ಎರಡನೆಯದಾದರೆ ಕೋಚ್ ಜೊತೆ ನೇರವಾಗಿ ಕೂತು ಮಾತಾಡಿ, ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ಒಂದು ತಿಂಗಳು ನೋಡಿ. ಸರಿಹೋಗದಿದ್ದರೆ ಬೇರೆ ಕ್ಲಬ್ ಹುಡುಕಿ. ನಿಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದು ಜಿಲ್ಲಾ ಬಾಸ್ಕೆಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸಬಹುದು. ಇನ್ನೊಂದು ಸಲ ಸಮಿಟ್ ಹೆಸರು ಬಂದರೆ, ಅವರ ಹುಡುಗಿಯರೆಲ್ಲ ಡಿಗ್ರಿ ಮುಗಿಸಿದ್ದರಂತೆ, ನಮ್ಮ ತಂಡದ ಹುಡುಗಿಯರ ಎಸ್ಸೆಸ್ಸೆಲ್ಸಿ ತಯಾರಿ ಹೇಗಿದೆ ಸರ್ ಎಂದು ಕೋಚ್‌ರನ್ನು ಕೇಳಿ. ಪರೀಕ್ಷೆ ಹತ್ತಿರ ಬಂದಾಗ ಪ್ರ್ಯಾಕ್ಟೀಸ್ ಸಮಯ ಹೇಗೆ ಹೊಂದಿಸಿಕೊಳ್ಳಬೇಕು ಅನ್ನುವುದನ್ನೂ ಆಗಲೇ ಮಾತಾಡಿಕೊಂಡುಬಿಡಿ.